ನೂರಿಪ್ಪತ್ತು, ಎಂಬತ್ತು

ನನ್ನ ಗಂಡ ಅಗ್ನಿಶಾಮಕ ಗಾಡಿ ಓಡಿಸುತ್ತಿದ್ದರು. ಠಾಣೆಯಲ್ಲಿ ವರ್ಷಕ್ಕೊಮ್ಮೆ ತೂಕ ನೋಡುತ್ತಿದ್ದರು. ಹೆಚ್ಚಿದ್ದರೆ ಗಾಡಿಯಿಂದ ಇಳಿಸುತ್ತಿದ್ದರು. ಅದಕ್ಕೇ ಇವರು ತೂಕ ಇಳಿಸುವ ಕ್ಲಿನಿಕ್ಕಿಗೆ ಹೋದದ್ದು. ಹಸಿವು ಅಡಗಿಸುವ ಮಾತ್ರೆ ಕೊಟ್ಟರು. ಕೆಲವೇ ವಾರ ತೆಗೆದುಕೊಳ್ಳಬೇಕು, ರಕ್ತದೊತ್ತಡ ಇದ್ದವರು ಮುಟ್ಟಬಾರದು ಎಂದು ಡಬ್ಬಿಯೊಳಗಿನ ಚೀಟಿಯಲ್ಲೇ ಇದೆ. ಇವರು ಎಂಟು ತಿಂಗಳು ನುಂಗಿದರು. ಹದಿನಾಲ್ಕು ಕಿಲೋ ಇಳಿದರು. ನಿದ್ದೆ ಹೋಯಿತು, ಎದೆ ಡವಡವ ಅನ್ನತೊಡಗಿತು. ಒಂದು ಮಧ್ಯಾಹ್ನ ಠಾಣೆಯ ಮೆಟ್ಟಿಲ ಮೇಲೆ ಕುಸಿದರು, ಮತ್ತೆ ಏಳಲಿಲ್ಲ. ಮೂವತ್ತನಾಲ್ಕು ವರ್ಷ.

ಕ್ಲಿನಿಕ್ಕಿನ ಅವರ ಕಾರ್ಡ್ ನನ್ನ ಹತ್ತಿರ ಇದೆ. ಹದಿನಾರು ಭೇಟಿ. ರಕ್ತದೊತ್ತಡದ ಅಂಕಣದಲ್ಲಿ ಹದಿನಾರು ಸಲವೂ 120/80. ನಾನು ಸಂಖ್ಯಾಶಾಸ್ತ್ರ ಓದಿದವಳು. ಆ ಕಾರ್ಡನ್ನು ಫ್ರಿಜ್ಜಿಗೆ ಅಂಟಿಸಿದವಳೂ ನಾನೇ. ತೂಕದ ಅಂಕಣವನ್ನಷ್ಟೇ ನೋಡುತ್ತಿದ್ದೆ.

ಕಳೆದ ವಾರ ನಾದಿನಿ ಅದೇ ಕ್ಲಿನಿಕ್ಕಿಗೆ ಹೊರಟಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಅವಳಿಗೆ. ಮಾಲೀಕ ಅವಳನ್ನು ಗೋದಾಮು ಎಂದು ಕರೆಯುತ್ತಾನಂತೆ. ಬೇಡ ಎಂದೆ.

“ಅಣ್ಣನ ಹಣೇಲಿ ಬರ್ದಿತ್ತು ಅತ್ತಿಗೆ. ಮಾತ್ರೆ ಏನ್ ಮಾಡುತ್ತೆ?”

ಜೊತೆಗೆ ಹೋದೆ.

ಮೂರು ತಿಂಗಳಲ್ಲಿ ಕನ್ನಡಿಯೇ ನಿಮ್ಮ ಗುರುತು ಹಿಡಿಯುವುದಿಲ್ಲ ಎಂದು ನರ್ಸ್ ನಗಿಸಿದಳು. ಚಪ್ಪಲಿ ಬಿಡಿಸಿ ಎರಡು ಸಲ ತೂಕ ನೋಡಿದಳು. ಆಮೇಲೆ, ತೋಳು ಮುಟ್ಟದೆಯೇ, 120/80 ಎಂದು ಬರೆದಳು. ಕಾರ್ಡಿನ ಕೆಳಗೆ ಡಾಕ್ಟರ ಮೊಹರು ಮೊದಲೇ ಬಿದ್ದಿತ್ತು.

ಅಳೆಯಿರಿ ಎಂದೆ. ಚೆನ್ನಾಗಿರುವವರಿಗೆ ಅಷ್ಟೇ ಇರುವುದು, ಹೊರಗೆ ಜನ ಕಾಯುತ್ತಿದ್ದಾರೆ ಎಂದಳು. ಅಳೆಯುವವರೆಗೆ ಕುರ್ಚಿ ಬಿಡುವುದಿಲ್ಲ ಎಂದೆ. ಕಪಾಟಿನ ಮೇಲಿನ ಅರೆಯಿಂದ ಯಂತ್ರ ಇಳಿಯಿತು, ಧೂಳಿನ ಸಮೇತ. ಪಟ್ಟಿ ಸುತ್ತಿದಳು. 158/102. ಇನ್ನೊಂದು ತೋಳಿಗೂ ಸುತ್ತಿಸಿದೆ. 156/100.

ನಾದಿನಿ ಬಗ್ಗಿ ಯಂತ್ರದ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ನರ್ಸ್ ಮಾತ್ರ ಪಟ್ಟಿ ಬಿಚ್ಚುತ್ತಾ, “ಹೆದರ್ಕೊಂಡಿದಾರೆ ಅಷ್ಟೇ. ಪೆನ್ನಲ್ಲಿ ಬರ್ದಾಯ್ತಲ್ಲ, ಅದೇ ಇರ್ಲಿ ಬಿಡಿ,” ಎಂದಳು.

ಚೀಲದಿಂದ ಗಂಡನ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ.

“ಇವರದ್ದೂ ಪೆನ್ನಲ್ಲೇ ಬರ್ದಿದ್ರಿ. ಹದಿನಾರು ಸಲ. ಇವರು ಹೋಗಿ ಐದು ತಿಂಗಳಾಯ್ತು.”

ನರ್ಸ್ ಕಾರ್ಡಿನತ್ತ ಕೈ ಚಾಚಿದಳು. ನಾದಿನಿ ಅವಳಿಗಿಂತ ಮೊದಲು ಅದನ್ನೂ ತನ್ನ ಕಾರ್ಡನ್ನೂ ಎತ್ತಿಕೊಂಡಳು. ಅಣ್ಣನ ಕಾರ್ಡನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು. ನರ್ಸಿನ ಪೆನ್ನನ್ನೇ ತೆಗೆದುಕೊಂಡು ತನ್ನ ಕಾರ್ಡಿನಲ್ಲಿದ್ದ ಸುಳ್ಳಿನ ಪಕ್ಕ ನಿಜ ಬರೆದಳು. ಸುಳ್ಳನ್ನು ಹೊಡೆದುಹಾಕಲಿಲ್ಲ.

“ಅದೂ ಕಾಣ್ಬೇಕು ಅತ್ತಿಗೆ,” ಎಂದಳು.

ಈ ದೂರಿಗೆ ಎರಡೂ ಕಾರ್ಡುಗಳನ್ನು ಲಗತ್ತಿಸಿದ್ದೇನೆ.