ಮಾತು ಬಿಟ್ಟ ಮನೆ

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಕೇಳುತ್ತಿದ್ದದ್ದು ಹನ್ನೆರಡು ವರ್ಷದ ನನ್ನ ಮಗಳ ಬಾಯಿ. ಬೀದಿಯವರೆಲ್ಲ ಅವಳನ್ನು 'ರೇಡಿಯೋ' ಎಂದೇ ಕರೆಯುತ್ತಿದ್ದರು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಸುದ್ದಿ ಶುರು. ಅಳತೆ ಕೊಡಲು ಬಂದವರೂ ಕೈ ಚಾಚಿಕೊಂಡೇ ನಿಂತು ಕೇಳುತ್ತಿದ್ದರು.

ನಮ್ಮ ಮನೆತನದಲ್ಲಿ ಮಕ್ಕಳಿಗೆ ಹೊಡೆಯುವುದಿಲ್ಲ. ಅದನ್ನು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದವನು ನಾನು. ಹೊಡೆಯುವ ಬದಲು ನಾವು ಮಾತು ಬಿಡುತ್ತೇವೆ. ತಪ್ಪು ಮಾಡಿದ ಮಗು ಎಲ್ಲರೆದುರು ಕೈಮುಗಿದು 'ತಪ್ಪಾಯಿತು' ಎನ್ನುವವರೆಗೆ ಮನೆಯಲ್ಲಿ ಯಾರೂ ಅದರೊಡನೆ ಮಾತಾಡುವಂತಿಲ್ಲ, ಒಡಹುಟ್ಟಿದವರು ಕೂಡ. ಅಜ್ಜನ ಕಾಲದಿಂದ ಬಂದ ಪದ್ಧತಿ. ಈಗ ಅದರ ಯಜಮಾನಿಕೆ ನನ್ನ ಅಮ್ಮನದು.

ಒಂದು ಸಂಜೆ ರೇಡಿಯೋ ಹೇಳದೆ ಕೇಳದೆ ಗೆಳತಿಯ ಮನೆಗೆ ಹೋಗಿ ತಡವಾಗಿ ಬಂದಳು. "ಇವತ್ತಿಂದ ಇವಳ ಜೊತೆ ಮಾತಿಲ್ಲ" ಎಂದರು ಅಮ್ಮ.

"ಅವಳಿಗೆ ಹುಷಾರಿರಲಿಲ್ಲ ಅಜ್ಜಿ. ನೋಡೋಕೆ ಹೋಗಿದ್ದು ತಪ್ಪಾ?" ಎಂದಳು ಮಗಳು. ಕೈಮುಗಿಯಲಿಲ್ಲ.

ಮೂರು ದಿನ ಒಬ್ಬಳೇ ವಟಗುಟ್ಟಿದಳು. ಆಮೇಲೆ ಅದೂ ನಿಂತಿತು. ಏಳನೆಯ ದಿನ ಮೇಜಿನ ಕೆಳಗಿದ್ದ ತುಂಡುಬಟ್ಟೆಗಳು ಕಾಣೆಯಾಗಿದ್ದವು. ನಾನು ಹುಡುಕುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ನಂಗೇನೋ ಆಗ್ತಿದೆ" ಎಂದಳು. ನಾನು ಗೋಡೆಯ ಕಡೆ ತಿರುಗಿ, "ಈ ಮನೇಲಿ ಕಳ್ಳತನ ಬೇರೆ ಶುರುವಾಗಿದೆ" ಎಂದು ಜೋರಾಗಿ ಹೇಳಿ ಯಂತ್ರ ತುಳಿದೆ. ಇದನ್ನು ಹೇಳುವಾಗ ಈಗಲೂ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಅವಳ ಟೀಚರ್ ಅವಳನ್ನು ಕೈಹಿಡಿದು ಕರೆತಂದರು.

"ನಿಮ್ಮ ಮಗಳು ದೊಡ್ಡವಳಾಗಿ ಮೂರು ದಿನ ಆಯ್ತು. ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದಾಳೆ. ಕ್ಲಾಸಲ್ಲಿ ತಲೆ ತಿರುಗಿ ಬಿದ್ದಳು."

"ನಂಗಾದ್ರೂ ಹೇಳಬಾರದಿತ್ತಾ?" ಎಂದಳು ನನ್ನ ಹೆಂಡತಿ.

"ಹೇಳೋಕೆ ಬಂದೆ. ನೀನು ಆ ಕಡೆ ತಿರುಗ್ಕೊಂಡೆ" ಎಂದಳು ಮಗಳು. ಹೆಂಡತಿ ಅವಳನ್ನು ಎಳೆದು ತಬ್ಬಿಕೊಂಡಳು.

ಅಮ್ಮ ಮಾತ್ರ ಜಗ್ಗಲಿಲ್ಲ. "ನಾವೂ ಹೀಗೇ ಬೆಳೆದ್ವಿ. ಏನಾಗೋಗಿದೆ ನಮಗೆ? ಒಂದೇಟಾದ್ರೂ ಹಾಕಿದ್ದೀವಾ?"

ಟೀಚರ್ ಅಮ್ಮನ ಕಡೆ ತಿರುಗಿದರು. "ಹೊಡೆಯೋದೂ ತಪ್ಪೇ ಅಮ್ಮಾ. ಆದ್ರೆ ಅಪ್ಪ ಹೊಡೆದ್ರೆ ಮಗು ಅಮ್ಮನ ಹತ್ರ ಓಡುತ್ತೆ. ಇವಳು ಯಾರ ಹತ್ರ ಓಡಬೇಕಿತ್ತು? ಮೈಮನಸ್ಸು ಎರಡೂ ಬದಲಾಗೋ ವಯಸ್ಸು. ಅನ್ನ ಬಡಿಸಿದ ಹಾಗೇ ಮಾತೂ ಬಡಿಸಬೇಕು."

ಅಂದೇ ಎಲ್ಲರೂ ಮಗಳೊಡನೆ ಮಾತಾಡಿದೆವು. ಅವಳು ಮಾತ್ರ 'ಹೂಂ', 'ಉಹೂಂ'ಗಳಲ್ಲೇ ಉಳಿದಳು. "ಏನು ದರ್ಜಿಯವರೇ, ರೇಡಿಯೋ ಕೆಟ್ಟೋಯ್ತಾ?" ಎಂದು ಗಿರಾಕಿಗಳು ನಗುತ್ತಿದ್ದರು. ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಎರಡು ತಿಂಗಳ ನಂತರ, ಆರು ವರ್ಷದ ನನ್ನ ಕಿರಿಮಗ ಗಿರಾಕಿಯ ಬಟ್ಟೆಯ ಮೇಲೆಲ್ಲ ಗೀಚಿ, ತಾನಲ್ಲವೆಂದು ಸುಳ್ಳು ಹೇಳಿದ. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ, "ಇವತ್ತಿಂದ ಇವನ ಜೊತೆ..." ಎಂದು ಶುರುಮಾಡಿದರು.

ಮಗಳು ತಟ್ಟೆ ಎತ್ತಿಕೊಂಡು ಹೋಗಿ ತಮ್ಮನ ಪಕ್ಕ ಕೂತಳು. "ನಾನು ಮಾತಾಡ್ತೀನಿ ಅಜ್ಜಿ. ಬೇಕಾದ್ರೆ ನನ್ನ ಜೊತೆನೂ ಬಿಟ್ಟುಬಿಡಿ."

ಅಮ್ಮ ನನ್ನತ್ತ ನೋಡಿದರು. ಮನೆಯ ಗಂಡಸು ಏನಾದರೂ ಹೇಳಲಿ ಎಂಬ ನೋಟ. ನಾನು ಅನ್ನ ಕಲಸುತ್ತಲೇ ಇದ್ದೆ.

"ಅಪ್ಪನೂ ಮಾತಾಡ್ತಾನಾ ಅಕ್ಕಾ?" ಎಂದ ಕಿರಿಯ.

"ಗೊತ್ತಿಲ್ಲ ಕಣೋ" ಎಂದಳು ಅವಳು, ನನ್ನತ್ತ ತಿರುಗದೆ. "ಕೇಳಿ ನೋಡು."

ಅವನು ಕೇಳಿದ.

"ಆಡ್ತೀನಿ ಮಗಾ" ಎಂದೆ. "ಅಮ್ಮಾ, ಇದು ಇಲ್ಲಿಗೇ ಸಾಕು."

ಹಾಗೆಂದು ಮಗಳ ಮುಖ ನೋಡಿದೆ. ಅವಳು ತಮ್ಮನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ತಲೆ ಎತ್ತಲಿಲ್ಲ.