ಮೂವತ್ತೆಂಟು ಮಿಲಿಮೀಟರ್

ಗಾಜು, ಹಸಿರು ಬಾಟಲಿ ಗಾಜು, ನಿನ್ನೆ ಒಡೆದದ್ದಲ್ಲ, ಮೇಲೆ ಧೂಳು ಕೂತಿದೆ, ಸ್ವಲ್ಪ ಪಕ್ಕಕ್ಕೆ ತಿರುಗಿಸು, ಹಾಂ, ತಪ್ಪಿತು — ಮಗಳ ಸೈಕಲ್ಲು, ಟೈರಿಗೆ ಚುಚ್ಚಿಕೊಂಡು ಹೋದರೆ ಅವಳು ಸುಮ್ಮನಿರ್ತಾಳಾ, ಅಪ್ಪಾ ಜೋಪಾನ, ಹಿಂದಿನ ಬ್ರೇಕು ಸಡಿಲ, ಸೀಟು ಇಳಿಸಿದೀನಿ ಅಂತ ಬಾಗಿಲಲ್ಲಿ ನಿಂತು ಹೇಳುವಾಗ ತುಟಿ ಕಚ್ಚಿಕೊಂಡು ನಗು ತಡೀತಿದ್ದಳು, ನಗಲಿ, ಇಪ್ಪತ್ತೆರಡು ವರ್ಷವಾಯ್ತು ಸೈಕಲ್ ಮುಟ್ಟಿ, ಮೊದಲನೇ ತಿರುವಿನಲ್ಲೇ ಕಸದ ಡಬ್ಬಿಗೆ ಮೊಣಕೈ ತಾಗಿಸಿಕೊಂಡೆ, ಯಾರೂ ನೋಡಲಿಲ್ಲ, ಪುಣ್ಯ. ಒಂದೂವರೆ ಮೀಟರ್ ಅಗಲ, ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ಬಿಳಿ ಗೆರೆಯ ಆಚೆ ವಾಹನಗಳ ರಸ್ತೆ, ಈಚೆ ಸೈಕಲ್ ದಾರಿ, ರಸ್ತೆ ಇಲಾಖೆಯದು, ಇಲಾಖೆಯದು ಅಂದ್ರೆ ನನ್ನದೇ, ಯಾಕಂದ್ರೆ ಮೂರು ತಿಂಗಳಿಗೊಮ್ಮೆ ಇದರ ಉದ್ದಕ್ಕೂ ನಡೆದು, ತಗ್ಗು ಉಬ್ಬು ಅಳೆದು, ತಪಾಸಣೆ ಹಾಳೆ ತುಂಬಿಸಿ ಕೆಳಗೆ ಸಹಿ ಹಾಕೋನು ನಾನು. ನಡೆದು. ಆ ಒಂದು ಮಾತನ್ನೇ ಆ ಹೆಂಗಸು ಹಿಡಿದುಕೊಂಡಳು.

ಇಸ್ತ್ರಿ ಅಂಗಡಿಯವಳು, ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ, ಮೊನ್ನೆ ಕಚೇರಿಗೆ ಬಂದು ಕುರ್ಚಿ ತೋರಿಸಿದರೂ ಕೂರಲಿಲ್ಲ, ನಾನು ಸಾರ್, ಆ ನಲ್ಲಿ ರಿಪೇರಿಯವನ ಅಕ್ಕ, ಅಂದಳು. ಅವನನ್ನು ನಾನು ಕಣ್ಣಾರೆ ಕಂಡಿಲ್ಲ, ಕಡತದಲ್ಲಿ ಮಾತ್ರ ಗೊತ್ತು. ಐದು ತಿಂಗಳ ಹಿಂದೆ, ಬೆಳಿಗ್ಗೆ ಎಂಟು ಗಂಟೆಗೆ, ಹ್ಯಾಂಡಲ್ಲಿಗೆ ಸಾಮಾನಿನ ಚೀಲ ನೇತುಹಾಕಿಕೊಂಡು ಇದೇ ದಾರಿಯಲ್ಲಿ ಬರ್ತಿದ್ದವನು ಎಪ್ಪತ್ತಾರನೇ ದೀಪದ ಕಂಬದ ಹತ್ತಿರ ಗೆರೆ ದಾಟಿ ರಸ್ತೆಗೆ ಬಂದ, ಹಿಂದಿನಿಂದ ಬ್ರೆಡ್ಡಿನ ವ್ಯಾನು. ಸೊಂಟದ ಮೂಳೆ ಹೋಯ್ತು, ತಲೆಗೆ ಏಟು, ಜೀವ ಉಳೀತು, ಆದರೆ ಆ ಬೆಳಗಿನದು ಒಂದೂ ನೆನಪಿಲ್ಲ. ವ್ಯಾನಿನವನ ವಕೀಲ ಹೇಳೋದು ಇಷ್ಟೇ, ಪಕ್ಕದಲ್ಲೇ ಸೈಕಲ್ ದಾರಿ ಇತ್ತು, ಸುಸ್ಥಿತಿಯಲ್ಲಿತ್ತು ಅಂತ ಇಲಾಖೆಯ ಹಾಳೆಯೇ ಹೇಳ್ತದೆ, ಆದರೂ ರಸ್ತೆಗೆ ಬಂದನಲ್ಲ, ಬಂದವನದೇ ತಪ್ಪು. ಆ ಹಾಳೆ ನನ್ನದು, ಅಪಘಾತಕ್ಕೆ ಹದಿನೆಂಟು ದಿನ ಮುಂಚೆ ತುಂಬಿಸಿದ್ದು. ಇವತ್ತು ಹನ್ನೊಂದು ಗಂಟೆಗೆ ನ್ಯಾಯಾಲಯದಲ್ಲಿ ನನ್ನನ್ನು ಕೇಳೋದು ಒಂದೇ ಪ್ರಶ್ನೆ, ಆ ದಾರಿ ಸೈಕಲ್ ಓಡಿಸಲು ಯೋಗ್ಯವಾಗಿತ್ತೇ. ಹೌದು ಅಂದರೆ ತಪ್ಪು ಅವನ ತಲೆಗೆ. ಆಕೆ ಮಾತ್ರ ಜಗಳ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು, ನಾನೂ ಜೋರಾಗಿ ಆಡಬಹುದಿತ್ತು — ದಿನಾ ಕೇಳ್ತಾನೆ ಸಾರ್, ಅಕ್ಕಾ, ನಾನ್ಯಾಕೆ ರೋಡಿಗೆ ಹೋದೆ, ಹತ್ತು ವರ್ಷ ಆ ದಾರೀಲೇ ಓಡಾಡಿದೋನು, ನಂಗೇನು ಹುಚ್ಚು ಹಿಡಿದಿತ್ತಾ ಅಂತ, ಅನ್ನದ ತಟ್ಟೆ ಮುಂದೆ ಕೂತ್ಕೊಂಡು ಕೇಳ್ತಾನೆ, ನಾನೇನು ಹೇಳ್ಲಿ. ಅಮ್ಮಾ, ನಿಯಮ ಅಂತ ಒಂದಿದೆ, ಉಬ್ಬಿನ ಎತ್ತರ ನಲವತ್ತು ಮಿಲಿಮೀಟರ್ ದಾಟಿದ್ರೆ ದೋಷ, ದಾಟದಿದ್ರೆ ದೋಷ ಇಲ್ಲ, ಅಲ್ಲಿದ್ದದ್ದು ಮೂವತ್ತೆಂಟು, ನಾನೇ ಮಂಡಿಯೂರಿ ಅಳೆದಿದೀನಿ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡಳು, ಒದ್ದೆಯೇನೂ ಇರಲಿಲ್ಲ. ನೀವು ಯಾವತ್ತಾದ್ರೂ ಅಲ್ಲಿ ಸೈಕಲ್ ಹೊಡೆದಿದೀರಾ ಸಾರ್? ಇಲ್ಲಮ್ಮಾ, ನಡೆದೇ ನೋಡೋದು, ಅಂದೆ. ಹಾಗಾದ್ರೆ ಒಂದ್ಸಲ ಹೊಡೆದು ನೋಡಿ, ಅಂದು ಹೊರಟೇಹೋದಳು.

ಸರಿ, ಹೊಡೀತಿದೀನಲ್ಲ, ಹೊಡೆದು ತೋರಿಸ್ತೀನಿ, ಐವತ್ತೆಂಟನೇ ಕಂಬ ದಾಟಿದೆ, ಬಿದ್ದೆನಾ, ಬಿದ್ದಿಲ್ಲ. ಜಲ್ಲಿ. ಚಕ್ರದ ಕೆಳಗೆ ಕರಕರ ಅಂತದೆ, ರಸ್ತೆಯಲ್ಲಿ ಉರುಳೋ ವಾಹನವೆಲ್ಲ ತನ್ನ ಕಸ ಇಲ್ಲಿಗೆ ತಳ್ತದೆ, ಇದನ್ನು ಗುಡಿಸೋದು ಬೇರೆ ವಿಭಾಗ, ನನ್ನದಲ್ಲ. ಒಂದು ಕಾರು ದಾರಿಗೆ ಅಡ್ಡ ನಿಂತಿದೆ, ಇಳಿದು ತಳ್ಳಿಕೊಂಡು ಹೋಗು, ಕಾರು ತೆಗೆಸೋದು ಪೊಲೀಸರು, ಅದೂ ನನ್ನದಲ್ಲ, ನನ್ನದು ಉಬ್ಬು ತಗ್ಗು ಮಾತ್ರ, ಅದರಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳು ಬರೆದಿಲ್ಲ, ಜೇಬಿನಲ್ಲಿ ಈ ಉಕ್ಕಿನ ಅಳತೆಪಟ್ಟಿ ಇಪ್ಪತ್ತಾರು ವರ್ಷದಿಂದ ಇದೆ, ತಿಂದ ಅನ್ನದ ಮೇಲಾಣೆ. ಸಾಹೇಬರು ನಿನ್ನೆ ಕರೆದು ಹೇಳಿದರು, ಅಳತೆ ಹೇಳಿ, ಅಭಿಪ್ರಾಯ ಹೇಳೋಕೆ ಹೋಗ್ಬೇಡಿ, ನಾಳೆ ಎಲ್ಲಾ ದಾರೀನೂ ಅಯೋಗ್ಯ ಅಂತ ನಮ್ಮ ತಲೆ ಮೇಲೆ ಕೂರ್ತಾರೆ. ಸರಿ ಸಾರ್ ಅಂದೆ. ಸರಿ ಸಾರ್ ಅನ್ನೋದು ಬಿಟ್ಟು ನಾನು ಇನ್ನೇನು ಕಲಿತಿದೀನಿ. ಮಗಳು ರಸ್ತೆಯಲ್ಲೇ ಹೋಗ್ತಾಳೆ, ಎಷ್ಟು ಸಲ ಬೈದಿದೀನಿ, ನಿನ್ನಂಥೋರಿಗೆ ಅಂತಲೇ ದಾರಿ ಮಾಡಿಟ್ಟಿದ್ದರೆ ಲಾರಿ ಮಧ್ಯೆ ನುಗ್ತೀಯಲ್ಲ, ಅಪ್ಪಾ ಲಾರಿಯವನು ನನ್ನ ನೋಡ್ತಾನೆ, ನಿಮ್ಮ ದಾರೀಲಿ ಹೊಂಡ ನೋಡ್ಕೊಂಡು ಹೋಗೋ ಗಡಿಬಿಡೀಲಿ ನಾನೇ ಯಾರನ್ನೂ ನೋಡಲ್ಲ, ಬಾಯಿ ಮುಚ್ಚು ಅಂದಿದ್ದೆ, ಅವಳು ಮುಚ್ಚಲಿಲ್ಲ, ನನ್ನ ಮಗಳಲ್ಲವಾ. ಇಷ್ಟೇ ಆಗಿದ್ದರೆ ಸರಿ. ಕಚೇರಿ ಜೀಪಿನ ಕಿಟಕಿಯಿಂದ ತಲೆ ಹಾಕಿ ನಾನೇ ಕೂಗಿದ್ದುಂಟು, ಏಯ್, ನಿನ್ನ ದಾರಿ ಅಲ್ಲಿದೆಯಲ್ಲೋ, ಕಣ್ಣು ಕಾಣಲ್ವಾ, ಆ ಮನುಷ್ಯ ತಿರುಗಿಯೂ ನೋಡಲಿಲ್ಲ, ಬೆನ್ನು ಮಾತ್ರ ಒಂಚೂರು ಕುಗ್ಗಿತು, ಯಾರೋ ಏನೋ, ಆ ನಲ್ಲಿಯವನೇ ಇದ್ದರೂ ಇರಬಹುದು, ಥೂ, ಅದೆಲ್ಲ ಯಾಕೆ ಈಗ.

ಎಪ್ಪತ್ತೊಂದು, ಎಪ್ಪತ್ತೆರಡು. ಮರಗಳ ಸಾಲು ಶುರುವಾಯ್ತು, ಬೇರುಗಳು ಡಾಂಬರನ್ನು ಕೆಳಗಿನಿಂದ ಎತ್ತಿರೋ ಜಾಗ, ನಂಗೆ ಒಂದೊಂದೂ ಪಾಠ. ಈಗ ನಿಧಾನ, ಮೈಯೆಲ್ಲಾ ಕಣ್ಣಾಗಿ ನೋಡು, ಇಲ್ಲಿಂದ ಎಪ್ಪತ್ತೇಳರ ತನಕ ಹೋಗಿಬಿಟ್ಟರೆ ಸಾಕು, ನಾನೇ ಸ್ವತಃ ಸೈಕಲ್ ಹೊಡೆದು ನೋಡಿದೀನಿ ಮಹಾಸ್ವಾಮಿ, ಯೋಗ್ಯವಾಗಿದೆ, ಅಂತ ಎದೆ ತಟ್ಟಿ ಹೇಳಬಹುದು, ಆಕೆಗೂ ಹೇಳಬಹುದು, ಹೇಳೋಕೆ ಮನಸ್ಸು ಬರ್ತದಾ ಅದು ಬೇರೆ ಮಾತು. ಮೊದಲನೇದು — ಅಮ್ಮಾ — ಬೆನ್ನುಮೂಳೆಗೇ ಬಡೀತು, ಹ್ಯಾಂಡಲ್ಲಿಗೆ ಹಾಕಿದ ಚೀಲ ಎಗರಿತು, ಒಳಗೆ ಕಡತ, ನೀರಿನ ಬಾಟಲಿ, ಎರಡನೇದು, ಹಲ್ಲಿಗೆ ಹಲ್ಲು ಕಡೀತು, ಚೀಲ ಮಂಡಿಗೆ ಹೊಡೀತು, ತಡಿ ತಡಿ, ಇಷ್ಟು ಹತ್ತಿರ ಹತ್ತಿರ ಇದ್ದವಾ ಇವು, ಹಾಳೆಯಲ್ಲಿ ಒಂದೊಂದಕ್ಕೆ ಒಂದೊಂದು ಸಾಲು ಕೊಟ್ಟಿದ್ದೆ, ಮೂವತ್ತೆಂಟು, ಮೂವತ್ತಾರು, ಮೂವತ್ತೆಂಟು, ಮೂವತ್ತೇಳು, ಮೂವತ್ತೆಂಟು, ನಡೆಯುವವನಿಗೆ ಎರಡರ ಮಧ್ಯೆ ಎರಡು ಹೆಜ್ಜೆ, ಎದ್ದು ಮಂಡಿ ಧೂಳು ಕೊಡವಿಕೊಂಡು ಬೀಡಿ ಹಚ್ಚಿ ಮುಂದಿನದಕ್ಕೆ ಕೂರೋನು, ಮೂರನೇದು, ಒಂದರ ಹಿಂದೆ ಒಂದು ಎಷ್ಟಿವೆ ಅಂತ ಬರೆಯೋಕೆ ಹಾಳೆಯಲ್ಲಿ ಜಾಗವೇ ಇಲ್ಲವಲ್ಲ ದೇವರೇ, ಇಷ್ಟು ವರ್ಷ ಹೊಳೆಯಲೇ ಇಲ್ಲ, ಬ್ರೇಕು, ಹಿಂದಿನದು ಸಡಿಲ, ಚೀಲ ಹ್ಯಾಂಡಲ್ ಎಳೀತಿದೆ, ಹಿಡಿ, ಕೈ ಬೆವರಿದೆ, ನಾಲ್ಕನೇದು, ಕಣ್ಣ ಮುಂದೆ ಎಲ್ಲಾ ಅದುರ್ತಿದೆ, ಹಿಡಿ, ಹಿಡಿ —

ಅಬ್ಬಾ. ಮುಗೀತು. ಎಷ್ಟು ನುಣುಪು, ಮೈ ಹಗುರಾಯ್ತು, ಚಕ್ರ ತನ್ನಷ್ಟಕ್ಕೆ ಹೋಗ್ತಿದೆ, ಸದ್ದೇ ಇಲ್ಲ, ನೋಡು, ಎಪ್ಪತ್ತೈದು, ಆ ಮುಂದೆ ಎಪ್ಪತ್ತಾರು, ಕಂಬ ಯಾಕೆ ಅಷ್ಟು ದೂರ, ಕೈ ಚಾಚಿದರೆ ಸಿಗೋ ಹಾಗಿರಬೇಕಿತ್ತು. ಐದನೇ ಉಬ್ಬು ಎಲ್ಲಿ. ಅಲ್ಲಿದೆ, ಪಕ್ಕದಲ್ಲಿ, ಮರದ ಬುಡದಲ್ಲಿ, ನಾನು ಹತ್ತಲೇ ಇಲ್ಲ. ಬಿಳಿ ಗೆರೆ ಮೊದಲು ಬಲಗಡೆ ಇತ್ತು, ಈಗ ಎಡಗಡೆ ಇದೆ. ಯಾವಾಗ ದಾಟಿದೆ. ದಾಟಬೇಕು ಅಂತ ಅಂದುಕೊಂಡೆನಾ, ಇಲ್ಲ, ಹಿಂದೆ ತಿರುಗಿ ನೋಡಿದೆನಾ, ಇಲ್ಲ, ನೋಡಲಿಲ್ಲ, ನೆನಪಿಲ್ಲ, ಈಗಷ್ಟೇ ಆದದ್ದು ನೆನಪಿಲ್ಲ, ತಲೆಗೆ ಏಟು ಬಿದ್ದವನಲ್ಲ ನಾನು — ಹಾರ್ನು, ಕಿವಿ ಹರಿಯೋ ಹಾಗೆ, ಲಾರಿ, ಅದರ ಗಾಳಿಗೆ ಅಂಗಿ ಮೈಗೆ ಅಂಟಿಕೊಂಡಿತು, ಹೋಯ್ತು, ಹೋಯ್ತು, ಕಾಲು ಊರು, ನಿಲ್ಲು. ಹುಚ್ಚು ಹಿಡಿದಿರಲಿಲ್ಲ ಕಣಪ್ಪಾ ನಿಂಗೆ. ಯಾಕೆ ಹೋದೆ ಅಂತ ಕೇಳ್ತೀಯಲ್ಲ, ನೀನು ಹೋಗಲಿಲ್ಲ ಕಣೋ, ನಿನ್ನ ಕೈ ಹೋಯ್ತು, ನನ್ನ ಕೈ ಹೋದ ಹಾಗೆ, ಎಷ್ಟು ಗಂಟೆ ಈಗ, ಹತ್ತೂ ಇಪ್ಪತ್ತು, ಹೊರಡಬೇಕು, ಹೇಳಬೇಕು, ಸಾಹೇಬರು ಎದುರಿಗೇ ಕೂತಿರ್ತಾರೆ, ಕೂತಿರಲಿ, ಕಾಲು ಏಳ್ತಿಲ್ಲ, ಕಣ್ಣು ಕೆಳಗೇ ನೆಟ್ಟಿದೆ, ಮುಂದಿನ ಚಕ್ರ, ಕರೀ ಡಾಂಬರಿನ ಮೇಲೆ ಮುಂದಿನ ಚಕ್ರ, ರಸ್ತೆಯ ಮೇಲೆ, ಅದರ ಕಡ್ಡಿಗಳು ಇನ್ನೂ ತಿರುಗ್ತಿರೋ ಹಾಗೆ ಕಾಣ್ತಿದೆ, ತಿರುಗ್ತಿಲ್ಲ, ನಿಂತಿದೆ, ರಸ್ತೆಯ ಮೇಲೆ ನಿಂತಿದೆ, ಮುಂದಿನ ಚಕ್ರ.