ನೀಹಾರೆ, ನೀಯಾರೆ

ರಾಜಘಟ್ಟದ ಅಂಜಿನಮ್ಮನಿಗೆ ಆ ಹೆಸರು ಸಿಕ್ಕಿದ್ದು ಕನಸಿನಲ್ಲಿ. ತುಂಬು ಬಸುರಿ, ಕಳೆ ಕೀಳಲು ಹೋದವಳು ಮಧ್ಯಾಹ್ನ ಹೊಂಗೆಯ ನೆರಳಿನಲ್ಲಿ ಒರಗಿದ್ದಳು. ಕಣ್ಣು ಮುಚ್ಚಿದ್ದೇ ತಡ, ಕೆರೆಯ ಮೇಲೆಲ್ಲ ಕೆನೆಗಟ್ಟಿದಂತೆ ಮಂಜು. ಆಚೆ ದಡದಲ್ಲಿ ಯಾರೋ ಹೆಂಗಸು, ಮುಖ ಕಾಣದು, ನೀರಿಗಿಳಿದ ಮಗುವನ್ನು ಕರೆಯುತ್ತಿದ್ದಳು: “ನೀಹಾರೇ... ನೀಹಾರೇ...” ಆ ‘ಹಾ’ ಬೆಚ್ಚನೆಯ ಉಸಿರಿನಂತೆ ನೀರಿನ ಮೇಲೆ ತೇಲಿ ಬಂದು ಕಿವಿಗೆ ತಾಗಿತು. ಎಚ್ಚರವಾದಾಗ ಹೊಟ್ಟೆಯೊಳಗಿನ ಕೂಸು ಮಗ್ಗುಲು ಬದಲಿಸುತ್ತಿತ್ತು.

ಎರಡನೇ ಮಹಾಯುದ್ಧದ ಕಾಲ ಅದು. ಯಲಹಂಕದ ಕಡೆಯಿಂದ ವಿಮಾನಗಳು ಹೊಲಗಳ ಮೇಲೆ ನೆರಳು ಎಳೆದುಕೊಂಡು ಹೋಗುತ್ತಿದ್ದ ಆ ದಿನಗಳಲ್ಲಿ ಹೆಣ್ಣು ಹುಟ್ಟಿತು. ಮೊದಲಿನ ಎರಡು ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಅತ್ತೆ ಅಕ್ಕಯಮ್ಮ ಮೊದಲೇ ತೀರ್ಮಾನಿಸಿದ್ದಳು: ಇದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮ ಎಂದು ಕರೆದರೆ ಸಾವು ಅಸಹ್ಯಪಟ್ಟು ಇತ್ತ ತಿರುಗಿಯೂ ನೋಡುವುದಿಲ್ಲ.

“ತಿಪ್ಪೆ ಮೇಲೆ ಬೇಕಾದ್ರೆ ಉರುಳ್ಸು ಅತ್ತೆ. ಎಸ್ರು ಮಾತ್ರ ನೀಹಾರೆ,” ಎಂದಳು ಅಂಜಿನಮ್ಮ.

“ನೀಯಾರೆ? ಎತ್ತ ಮಗೂನ ದಿನಾ ‘ನೀ ಯಾರೇ’ ಅಂತ ಯಾರಾದ್ರೂ ಕೇಳ್ತಾರೇನೇ?”

“ನೀಯಾರೆ ಅಲ್ಲ. ನೀ... ಹಾ... ರೆ.”

ಹಾಲನ್ನು ಆಲು ಎಂದೇ ಆಡಿ ಬೆಳೆದ ನಾಲಿಗೆ ಅವಳದೂ. ಆದರೆ ಈ ಒಂದು ಹೆಸರಿನಲ್ಲಿ ಅವಳು ‘ಹಾ’ ಬಿಡುತ್ತಿರಲಿಲ್ಲ. ಗಂಡ ಗೋಪಾಲಪ್ಪ ನೇಗಿಲ ಹಿಂದೆ ನಡೆಯುತ್ತ “ಹಾ, ಹಾ” ಎಂದು ಅಭ್ಯಾಸ ಮಾಡಿದ. ಎತ್ತುಗಳು ನಿಂತುಬಿಟ್ಟವು. ಅಂದಿನಿಂದ ಅವನೂ ನೀಯಾರೆ ಎಂದೇ ಕರೆದ. ಊರೂ ಹಾಗೇ ಕರೆಯಿತು. ಶಾಲೆಯ ಮೇಷ್ಟರೊಬ್ಬರೇ ಅಂಜಿನಮ್ಮನ ಬಾಯಿಂದ ಹೆಸರು ಕೇಳಿ ಬೆರಗಾದರು. “ನೀಹಾರ ಅಂದರೆ ಮಂಜು ಕಣಮ್ಮ. ನಿನಗೆ ಯಾರು ಹೇಳಿದ್ದು?” ಕನಸಿನ ಮಂಜು ನೆನಪಾಗಿ ಅವಳ ಮೈ ಜುಮ್ಮೆಂದಿತು.

ಮಗುವಿಗೆ ಎರಡು ತುಂಬುವಷ್ಟರಲ್ಲಿ ಊರಿಗೆ ಸಿಡುಬು ಬಂತು. ಬೇವಿನೆಲೆಯ ಮೇಲೆ ಮಲಗಿದ ಕೂಸಿನ ಮೈಯೆಲ್ಲ ಕೆಂಡವಾಯಿತು. ಅಂಜಿನಮ್ಮ ಪಕ್ಕ ಬಿಟ್ಟೇಳದೆ, ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಕರೆಯುವುದು ನಿಂತರೆ ಮಗು ಕನಸಿನ ಆಚೆ ದಡಕ್ಕೆ ಹೊರಟುಹೋದೀತೆಂದು ಅವಳ ಭಯ. ಒಂದು ಬೆಳಗ್ಗೆ ಕೂಸು ಕಣ್ಣು ಬಿಟ್ಟು ಅಂಬಲಿ ಕೇಳಿತು.

ಅಕ್ಕಯಮ್ಮ ಊರೆಲ್ಲ ಸಾರಿದಳು: “ಸಿಡುಬಿನಮ್ಮನೇ ಬಂದು ಮಗೂನ ಎಸ್ರಿಡಿದು ಕರೆದ್ಲಂತೆ. ನೀಯಾರೆ ಅಂದ್ಲಂತೆ. ಮಗಾನೂ ನೀಯಾರೆ ಅಂತಂತೆ. ನನ್ನೇ ಕೇಳೋ ಗಟ್ಟಿಗಿತ್ತಿ ಇವ್ಳು ಅಂತ ನಕ್ಕೊಂಡು ಒಂಟೋದ್ಲು!”

ಅಷ್ಟು ಸಾಕಾಯಿತು. ಮುಂದಿನ ವರ್ಷ ಊರಿನಲ್ಲಿ ಮಾರಕ್ಕನ ಮೊಮ್ಮಗಳು ನೀಯಾರೆ, ಆವಲಪ್ಪನ ಮಗಳು ನೀಯಾರಮ್ಮ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೂ ಹೆಸರು ಹೋಯಿತಂತೆ. ಅಂಜಿನಮ್ಮನಿಗೆ ಹಿಗ್ಗೂ ಆಯಿತು, ತನ್ನದೇನೋ ಕಳೆದುಹೋದಂತೆಯೂ ಆಯಿತು.

ಯುದ್ಧ ಮುಗಿದ ಮೇಲೆ ತ್ಯಾಮಗೊಂಡ್ಲಿನ ತಂಗಿಯ ಮನೆಗೆ ಹೋದಾಗ, ಪಕ್ಕದ ಜಗಲಿಯಲ್ಲಿ ಮುದುಕಿಯೊಬ್ಬಳು ತೊಟ್ಟಿಲು ತೂಗುತ್ತಿದ್ದಳು. “ನೀಯಾರೆ, ನನ ಕಂದ, ನೀಯಾರೆ...”

“ಈ ಎಸ್ರು ಎಲ್ಲಿಂದ ಬಂತಜ್ಜಿ?”

“ಬರೋದೇನು ತಾಯಿ, ನಮ್ಮ ಅಜ್ಜೀರ ಕಾಲದ್ದು. ಈಗಿನವ್ರಿಗೆ ನಿಮ್ಗೆ ಗೊತ್ತಿರಲ್ಲ.”

‘ನೀಹಾರೆ’ ಎಂದು ತಿದ್ದುವ ಮಾತು ಅಂಜಿನಮ್ಮನ ನಾಲಿಗೆ ತುದಿಗೆ ಬಂದಿತ್ತು. ತೊಟ್ಟಿಲೊಳಗೆ ಕೂಸು ನಿದ್ದೆಗಣ್ಣಿನಲ್ಲಿ ತುಟಿ ಅರಳಿಸಿತು. ಮುದುಕಿಯ ದನಿಯಲ್ಲಿ ಆ ಹೆಸರು ಎಷ್ಟೋ ಕಾಲದಿಂದ ಅಲ್ಲೇ ಇದ್ದಂತೆ ಕೇಳುತ್ತಿತ್ತು. ಅಂಜಿನಮ್ಮ ಬಾಗಿ, ಎಲ್ಲರಂತೆಯೇ ಕರೆದಳು: “ನೀಯಾರೆ...”

ಅಂಗಳದಲ್ಲಿ ಅಡಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುತ್ತಿದ್ದ ಅವಳ ಮಗಳು ಓಡಿ ಬಂದಳು. “ಏನವ್ವಾ, ಕರೆದ್ಯಾ?”

“ಊಂ ಕಣವ್ವ. ಬಾ, ಈ ಪಾಪು ನೋಡು,” ಎಂದು ಅಂಜಿನಮ್ಮ ಮಗಳನ್ನು ಎತ್ತಿ ತೊಟ್ಟಿಲಿನೊಳಕ್ಕೆ ತೋರಿಸಿದಳು.